ಸುತ್ತೋಲೆಗೊಂದು ಗುಂಪು, ಪಾಠಕ್ಕೊಂದು ಗುಂಪು
ತಮಿಳುನಾಡು ಸರ್ಕಾರ 2022ರಲ್ಲಿ ‘ಎಣ್ಣುಂ ಎಳುತ್ತುಂ’ ಯೋಜನೆ ಆರಂಭಿಸಿ, ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಅರುಂಬು, ಮೊಟ್ಟು, ಮಲರ್ ಎಂದು ಮೂರು ಗುಂಪು ಮಾಡಿತು. ಒಂದೇ ಕೊಠಡಿ, ಮೂರು ಬಗೆಯ ಪಾಠ. ತಿರುಪ್ಪೂರಿನಲ್ಲಾದರೆ ಬನಿಯನ್ ಕಾರ್ಖಾನೆಗಳಿಗೆ ದುಡಿಯಲು ಬಂದ ಒಡಿಶಾ, ಬಿಹಾರದ ಕುಟುಂಬಗಳ ಮಕ್ಕಳೂ ಇರುತ್ತಾರೆ. ಅವರಿಗೆ ತಮಿಳೇ ಹೊಸದು. ಇಂಥಲ್ಲಿ ಪಕ್ಕದ ಊರಿನ ಟೀಚರ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸುವ ಅಕ್ಷರ ಕಾರ್ಡಿನ ಫೋಟೊ ಮರುದಿನದ ಪಾಠಕ್ಕೇ ಒದಗುತ್ತದೆ. ಶಿಕ್ಷಕರ ನಡುವಿನ ಇಂಥ ಹಂಚಿಕೆಗೆ ಕರ್ನಾಟಕದಲ್ಲೊಂದು ಗಟ್ಟಿ ಮಾದರಿಯಿದೆ. ರಾಜ್ಯ ಶಿಕ್ಷಣ ಸಂಶೋಧನೆ ಮತ್ತು ತರಬೇತಿ ಇಲಾಖೆ (ಡಿಎಸ್‌ಇಆರ್‌ಟಿ) ಮತ್ತು ಬೆಂಗಳೂರಿನ ‘ಐಟಿ ಫಾರ್ ಚೇಂಜ್’ ಸಂಸ್ಥೆ ಸೇರಿ 2011ರ ಹೊತ್ತಿಗೆ ವಿಷಯ ಶಿಕ್ಷಕರ ವೇದಿಕೆಯನ್ನು ಕಟ್ಟಿದವು. ಗಣಿತ, ವಿಜ್ಞಾನ, ಸಮಾಜ ವಿಜ್ಞಾನಕ್ಕೆ ಪ್ರತ್ಯೇಕ ಇ-ಮೇಲ್ ಗುಂಪುಗಳು. ಪ್ರೌಢಶಾಲಾ ಶಿಕ್ಷಕರಿಗೆ ಜಿಯೋಜೀಬ್ರಾ ಎಂಬ ಗಣಿತ ತಂತ್ರಾಂಶದ ತರಬೇತಿ. ಪರದೆಯ ಮೇಲಿನ ತ್ರಿಭುಜದ ಮೂಲೆಯನ್ನು ಎತ್ತ ಎಳೆದರೂ ಒಳಕೋನಗಳ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ಮಕ್ಕಳಿಗೆ ತೋರಿಸುವ ಕಡತವನ್ನು ಒಬ್ಬರು ಮಾಡಿದರೆ ಸಾಕು, ನೂರಾರು ಶಾಲೆಗಳಿಗೆ ತಲುಪಬಲ್ಲದು. ಹಾಗೆ ಕೂಡಿದ ಸಾಮಗ್ರಿ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ತಾಣದಲ್ಲಿ ಕನ್ನಡದಲ್ಲೂ ಎಲ್ಲರಿಗೂ ತೆರೆದಿದೆ. ವಾಟ್ಸ್‌ಆ್ಯಪ್‌ಗೆ ಹೀಗೆ ಕೂಡಿಟ್ಟುಕೊಳ್ಳುವ ನೆನಪಿನ ಶಕ್ತಿ ಕಡಿಮೆ: ನಿನ್ನೆಯ ಒಳ್ಳೆಯ ಪಾಠ ಯೋಜನೆ ಇಂದಿನ ಸುತ್ತೋಲೆ, ಹಾಜರಾತಿ ವರದಿ, ಶುಭೋದಯಗಳ ಅಡಿಯಲ್ಲಿ ಹೂತುಹೋಗುತ್ತದೆ. ಆದ್ದರಿಂದ ಕೊಯಮತ್ತೂರು, ತಿರುಪ್ಪೂರಿನಂಥ ಜಿಲ್ಲೆಗಳ ಶಿಕ್ಷಣ ಇಲಾಖೆ ಆಡಳಿತದ ಗುಂಪನ್ನೂ ಪಾಠದ ಗುಂಪನ್ನೂ ಬೇರ್ಪಡಿಸಲಿ, ಶಿಕ್ಷಕರು ಹಂಚಿಕೊಂಡದ್ದನ್ನು ವಿಷಯವಾರು ಜೋಡಿಸಿಡುವ ಶಿಕ್ಷಕರಿಗೆ ಆ ಕೆಲಸಕ್ಕೆಂದೇ ವಾರದಲ್ಲಿ ಕೆಲವು ತಾಸು ಬಿಡುವು ಕೊಡಲಿ.