ಪ್ರತಿಪಕ್ಷದ ಅರ್ಥಧಾರಿ

ತಪ್ಪನ್ನು ಎತ್ತಿ ತೋರಿಸುವವರೊಬ್ಬರು ಇರಬೇಕೆಂದು ನಾವೆಲ್ಲರೂ ಬಾಯಲ್ಲಿ ಒಪ್ಪುತ್ತೇವೆ. ಆದರೆ ಅವರು ತೋರಿಸಹೊರಟ ದಿನ ನಮಗೆ ಬಿಡುವಿರುವುದಿಲ್ಲ. ಕನ್ನಡದಲ್ಲಿ ಇಂದು ದೊರೆಯುವ ಅತಿ ಪ್ರಾಚೀನ ಗ್ರಂಥ, ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ', ಅಲಂಕಾರಗಳನ್ನು ಹೇಳುವುದಕ್ಕೂ ಮೊದಲು ದೋಷಾದೋಷಗಳ ವಿಚಾರವನ್ನೆತ್ತಿಕೊಳ್ಳುತ್ತದೆ. ಮೊದಲು ದೋಷವನ್ನು ಕಾಣು, ಆಮೇಲೆ ಸೊಗಸನ್ನು ಕೂಡಿಸು ಎಂಬ ಈ ಕ್ರಮವನ್ನು ತರಗತಿಯಲ್ಲಿ ವರ್ಷವರ್ಷವೂ ವಿವರಿಸುತ್ತ ಬಂದ ನಾನು, ಅದನ್ನು ನನ್ನ ಬಾಳಿಗೆ ಹಚ್ಚಿ ನೋಡಿದ್ದು ನಲವತ್ತು ದಾಟಿದ ಮೇಲೆ. ಅದೂ ಒಂದು ಯಂತ್ರದ ದೆಸೆಯಿಂದ.

ನನ್ನೂರು ಸುಂಕಸಾಳ. ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿ ಅರಬೈಲು ಘಟ್ಟವನ್ನು ಏರುವ ಮುನ್ನ ಸಿಗುವ ಹಳ್ಳಿ. ಗಂಗಾವಳಿಯ ದಡದಲ್ಲಿ ನಮ್ಮ ಹಳೆಯ ಮನೆ, ಅದರ ಬೆನ್ನಿಗೆ ಅಡಿಕೆಯ ತೋಟ. 2019ರಲ್ಲಿ ಹೊಳೆ ಅಂಗಳಕ್ಕೆ ಬಂದಿತು; 2021ರ ಜುಲೈಯಲ್ಲಿ, ಮೇಲೆ ಗುಳ್ಳಾಪುರದ ಸೇತುವೆ ಕೊಚ್ಚಿಹೋದ ಆ ಮಳೆಯಲ್ಲಿ, ಒಳಗೇ ಬಂದಿತು. ತಂದೆಯವರಿಲ್ಲ; ಎಪ್ಪತ್ತು ಕಳೆದ ತಾಯಿ ಒಬ್ಬರೇ ಆ ಮನೆಯಲ್ಲಿದ್ದಾರೆ. ಕಳೆದ ಬೇಸಗೆಯಲ್ಲಿ ಹುಬ್ಬಳ್ಳಿಯ ಖಾಸಗಿ ಕಾಲೇಜೊಂದರಿಂದ ನನಗೆ ಪ್ರಾಂಶುಪಾಲನಾಗಿ ಬರಲು ಕರೆ ಬಂದಿತು. ಮನೆ, ತೋಟ ಎರಡನ್ನೂ ಮಾರಿ, ತಾಯಿಯನ್ನು ಕರೆದುಕೊಂಡು ಘಟ್ಟ ಹತ್ತಿಬಿಡುವುದೆಂದು ಮನಸ್ಸಿನಲ್ಲೇ ನಿಶ್ಚಯಿಸಿದೆ. ಕಾರಣಗಳನ್ನೆಲ್ಲ ನಾಲ್ಕು ಪುಟ ಬರೆದೂ ಇಟ್ಟೆ. ಬರೆದದ್ದು ಚೆನ್ನಾಗಿತ್ತು, ಕೇಡು ಇದ್ದದ್ದು ಅಲ್ಲಿಯೇ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಸಾರ್ವಜನಿಕರ ಕೈಗೆ ಬಂದಂದಿನಿಂದ ನನ್ನ ವಿದ್ಯಾರ್ಥಿಗಳು ಪ್ರಬಂಧವನ್ನೂ ಪ್ರೇಮಪತ್ರವನ್ನೂ ಅದಕ್ಕೆ ತೋರಿಸದೆ ಬಿಡರು. ನಾನೂ ಆ ನಾಲ್ಕು ಪುಟಗಳನ್ನು ಅಂಥದೊಂದು ಕೃತಕ ಬುದ್ಧಿಯ ಮುಂದಿಟ್ಟು ಅಭಿಪ್ರಾಯ ಕೇಳಿದೆ. ಅದು ನನ್ನನ್ನು ಹೊಗಳಿತು. ನಿರ್ಧಾರ ವಿವೇಕಪೂರ್ಣವಾದದ್ದು, ಮಾತೃಭಕ್ತಿ ಅನುಕರಣೀಯವಾದದ್ದು ಎಂದಿತು. ಹೊಗಳಿಕೆಯನ್ನು ಹೊನ್ನಿನ ಶೂಲವೆಂದು ಬಸವಣ್ಣನವರು ಕಂಡ ನಾಡಿನಲ್ಲಿ ಪಾಠ ಹೇಳುವ ನಾನು, ಆ ಶೂಲದ ಮೇಲೆ ಅರ್ಧ ಗಂಟೆ ಸುಖವಾಗಿ ಕುಳಿತಿದ್ದೆನೆಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಈ ಯಂತ್ರಗಳ ಮುಖಸ್ತುತಿಗೆ ಕಾರಣವಿದೆ. ಜನರು ಮೆಚ್ಚಿದ ಉತ್ತರವೇ ಉತ್ತಮ ಉತ್ತರವೆಂದು ತಿದ್ದಿ ಅವನ್ನು ಪಳಗಿಸುತ್ತಾರೆ. ಮೆಚ್ಚಿಸುವುದೇ ಕಸುಬಾದವನಿಗೆ ಭಟ್ಟಂಗಿತನ ಬಹು ದೂರವಲ್ಲ. 2025ರ ಏಪ್ರಿಲ್ ತಿಂಗಳಲ್ಲಿ ಓಪನ್‌ಎಐ ಸಂಸ್ಥೆ ತನ್ನ ಒಂದು ಹೊಸ ಪರಿಷ್ಕರಣೆಯನ್ನು, ಅದು ಅತಿಯಾಗಿ ತಾಳ ಹಾಕುತ್ತದೆಂಬ ಕಾರಣಕ್ಕಾಗಿಯೇ, ಕೆಲವೇ ದಿನಗಳಲ್ಲಿ ಹಿಂದೆಗೆದುಕೊಳ್ಳಬೇಕಾಯಿತು. ಮಾಡಿದವರೇ ಒಪ್ಪಿಕೊಂಡ ದೋಷವಿದು.

ಆಗ ನನಗೆ ನೆನಪಾದದ್ದು ನಮ್ಮ ಕಡೆಯ ತಾಳಮದ್ದಳೆ. ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ ಹೇಳುತ್ತಾರೆ, ಅರ್ಥಧಾರಿಗಳು ಎದುರುಬದುರು ಕುಳಿತು ಮಾತಿನಲ್ಲೇ ಪ್ರಸಂಗವನ್ನು ಕಟ್ಟುತ್ತಾರೆ. ಬಾಣ ತಗಲಿ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದ ರಾಮನನ್ನು ಪ್ರಶ್ನಿಸುವಾಗ, ಆ ವಾಲಿಯ ಅರ್ಥ ಹೇಳುವವನು ರಾಮನ ದ್ವೇಷಿಯೇನಲ್ಲ. ನಾಳಿನ ಕೂಟದಲ್ಲಿ ಅವನೇ ರಾಮನಾದಾನು. ಆದರೂ ಈ ರಾತ್ರಿ ಅವನು ಸಡಿಲು ಬಿಟ್ಟರೆ ರಾಮನ ಮಾತಿಗೂ ತೂಕ ಬರುವುದಿಲ್ಲ. ಯಂತ್ರಕ್ಕೆ ನಾನು ಮತ್ತೆ ಬರೆದೆ: "ನಿನ್ನ ಅಭಿಪ್ರಾಯ ಬೇಡ. ಈ ನಿರ್ಧಾರಕ್ಕೆ ನೀನು ಪ್ರತಿಪಕ್ಷ. ಇದು ಐದು ವರ್ಷಗಳಲ್ಲಿ ಕೆಟ್ಟಿತೆಂದು ಭಾವಿಸಿ, ಏಕೆ ಕೆಟ್ಟಿತೆಂಬುದನ್ನು ಹೇಳು. ನಾನು ಬರೆಯದೆ ಬಿಟ್ಟದ್ದೇನು?"

ಉತ್ತರದಲ್ಲಿ ನಗು ಬರಿಸುವ ಮಾತೂ ಇತ್ತು. ಅಂಕೋಲೆಯೆಂಬ ಹೆಸರು ಕಂಡೊಡನೆ ಅದು ನಮ್ಮ ಮನೆಯನ್ನು ಸಮುದ್ರದಂಡೆಗೆ ಒಯ್ದು, ಕಡಲ್ಕೊರೆತದ ಭಯ ಹೇಳಿತು! ಘಟ್ಟದ ಬುಡದಲ್ಲಿ ಕುಳಿತ ನಾನು ಸಮುದ್ರವನ್ನು ಎಲ್ಲಿಂದ ತರಲಿ? ಆದರೆ ಅದೇ ಉತ್ತರದ ಕೊನೆಯಲ್ಲಿ ಒಂದು ಮಾತಿತ್ತು: "ತಾಯಿಗಾಗಿ ಎಂದು ಹಲವು ಸಲ ಬರೆದಿದ್ದೀರಿ, ತಾಯಿ ಹೇಳಿದ್ದೆಂದು ಒಂದು ವಾಕ್ಯವೂ ಇಲ್ಲ." ನಾನು ಪುಟಗಳನ್ನು ಮತ್ತೆ ತಿರುವಿ ಹಾಕಿದೆ. ನಿಜವಾಗಿಯೂ ಇರಲಿಲ್ಲ.

ಆ ಶನಿವಾರ ಸುಂಕಸಾಳಕ್ಕೆ ಹೋಗಿ, ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ತಾಯಿಯ ಎದುರು ಕುಳಿತು ಕೇಳಿದೆ. ಅವರು ಕತ್ತಿಯಿಂದ ಕಣ್ಣೆತ್ತದೆ, "ತಮಾ, ಅಂತೂ ಕೇಳಿದ್ಯಲ" ಎಂದರು. ಹೊಳೆಯ ಭಯ ಅವರಿಗೂ ಇತ್ತು. ನನಗಿಂತ ಹೆಚ್ಚೇ ಇತ್ತು. ಆದರೆ ಹುಬ್ಬಳ್ಳಿಯ ಮೂರನೆಯ ಮಾಳಿಗೆಯ ಭಯ ಅದಕ್ಕೂ ಮಿಗಿಲಾಗಿತ್ತು. ತೋಟದ ಮೇಲಿನ ದಿಬ್ಬದಲ್ಲಿ ನಮ್ಮದೇ ಜಾಗವಿದೆಯಲ್ಲ, ಅಲ್ಲಿ ಎರಡು ಕೋಣೆಯ ಮನೆ ಸಾಕೆಂದು ಅವರು ಎಷ್ಟೋ ದಿನಗಳಿಂದ ಯೋಚಿಸಿದ್ದರು. ಹೇಳಲಿಲ್ಲವೇಕೆ ಎಂದರೆ, ನಾನು ಕೇಳಿರಲಿಲ್ಲ. ಆ ದಿಬ್ಬ ನನ್ನ ನಾಲ್ಕು ಪುಟಗಳಲ್ಲಿಯೂ ಇರಲಿಲ್ಲ, ಯಂತ್ರದ ಉತ್ತರದಲ್ಲಿಯೂ ಇರಲಿಲ್ಲ.

ತಾಯಿಯ ಮಾತೆಂದು ಅದನ್ನೂ ಕಣ್ಣು ಮುಚ್ಚಿ ಒಪ್ಪಲಾಗದು. ನಮ್ಮ ತಾಲೂಕಿನ ಶಿರೂರಿನಲ್ಲಿ 2024ರ ಜುಲೈ 16ರಂದು ಹೆದ್ದಾರಿಯ ಮೇಲೆ ಕುಸಿದ ಗುಡ್ಡವನ್ನು ಮರೆತವರಾರು? ದಿಬ್ಬದ ಯೋಜನೆಗೂ ಪ್ರತಿಪಕ್ಷ ಹಿಡಿಯೆಂದು ಯಂತ್ರಕ್ಕೆ ಹೇಳಿದೆ. ಇಳಿಜಾರನ್ನು ಕಡಿದು ಸಮ ಮಾಡುವಿರೋ, ಮಳೆಯ ನೀರು ಯಾವ ಕಡೆ ಇಳಿಯುತ್ತದೆ ಎಂದು ಕೇಳಿತು. ಪ್ರಶ್ನೆ ಸರಿಯಾಗಿತ್ತು; ಉತ್ತರ ಅದರ ಬಳಿ ಇರಲಿಲ್ಲ. ಉತ್ತರ ಕೊಟ್ಟವರು ನೆರೆಮನೆಯ ಹಿರಿಯರು. ಅರುವತ್ತು ಮಳೆಗಾಲ ನೀರಿಳಿಯುವ ದಾರಿಯನ್ನು ಕಂಡ ಅವರು, ನಾನು ಗುರುತು ಹಾಕಿದ ಕಡೆ ಬೇಡವೆಂದು ಹತ್ತಾರು ಮಾರು ಆಚೆಗೆ ಕರೆದೊಯ್ದು, ಧರೆ ಕಡಿಯದೆ ಮನೆ ಕೂರುವ ಜಾಗವನ್ನು ತೋರಿಸಿದರು.

ಕೇಳಬೇಕಾದವರನ್ನು ಕೇಳದೆ ನಿರ್ಧರಿಸುವುದು ನನ್ನೊಬ್ಬನ ಚಾಳಿಯಲ್ಲ. ನಮ್ಮ ಗಂಗಾವಳಿಗೆ ಘಟ್ಟದ ಮೇಲೆ ಬೇಡ್ತಿಯೆಂದು ಹೆಸರು. ಆ ಬೇಡ್ತಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತು ತೆಗೆಯುವ ಯೋಜನೆ ಬಂದಾಗ, 1981ರಲ್ಲಿ ಶಿರಸಿಯಲ್ಲಿ ತೋಟಿಗರೂ ವಿಜ್ಞಾನಿಗಳೂ ಒಟ್ಟಿಗೆ ಕುಳಿತು ಆ ಯೋಜನೆಯ ಲಾಭನಷ್ಟದ ಲೆಕ್ಕವನ್ನು ಸಾಲುಸಾಲಾಗಿ ಪರೀಕ್ಷಿಸಿದರು. ಮುಳುಗುವ ಕಾಡಿಗೆ, ತೋಟಕ್ಕೆ ಬೆಲೆಯೆಷ್ಟು ಎಂಬ ಪ್ರಶ್ನೆ ಅಲ್ಲಿ ಎದ್ದಿತು. ಯೋಜನೆ ಮುಂದೆ ನಿಂತುಹೋಯಿತು. ಅಲ್ಲಿ ಪ್ರಶ್ನೆ ಕೇಳಿದವರಲ್ಲಿ ಫಲವನ್ನು ಉಣ್ಣಬೇಕಾದವರೂ ಇದ್ದರು. ಅವರ ಮಾತಿನ ತೂಕ ಅದರಿಂದ ಬಂದದ್ದು.

ಯಂತ್ರಕ್ಕೆ ಆ ತೂಕವಿಲ್ಲ. ನನ್ನ ಮನೆ ಮುಳುಗಿದರೆ ಅದರ ನಿದ್ದೆ ಕೆಡುವುದಿಲ್ಲ. ಆದರೆ ನಂಟರಿಗೆ ದಾಕ್ಷಿಣ್ಯ, ಸಹೋದ್ಯೋಗಿಗೆ ಹೊಟ್ಟೆಕಿಚ್ಚು, ಮಿತ್ರನಿಗೆ ಮುಲಾಜು. ಅದಕ್ಕೆ ಇವು ಯಾವುವೂ ಇಲ್ಲ. ನಡುರಾತ್ರಿಯಲ್ಲಿ ಎಬ್ಬಿಸಿ ಹತ್ತು ಸಲ ಕೇಳಿದರೂ ಮುನಿಯುವುದಿಲ್ಲ. ಆದ್ದರಿಂದ ದೊಡ್ಡ ಹೆಜ್ಜೆ ಇಡುವ ಮುನ್ನ ಅದನ್ನು ಎದುರಿಗೆ ಕೂರಿಸಿಕೊಳ್ಳುವುದರಲ್ಲಿ ತಪ್ಪಿಲ್ಲವೆಂದೇ ನನ್ನ ಮತ. ವಿದ್ಯಾರ್ಥಿಮಿತ್ರರಿಗೆ ಹೇಳುವುದಿಷ್ಟೆ: ಚೆನ್ನಾಗಿದೆಯೇ ಎಂದು ಕೇಳಬೇಡಿ, ಎಲ್ಲಿ ಕೆಟ್ಟಿದೆ ಎಂದು ಕೇಳಿ. ಮನೆಯವರ ಗುಟ್ಟನ್ನು, ಅನ್ಯರ ಕಷ್ಟವನ್ನು ಅದರ ಮುಂದೆ ಸುರಿಯಬೇಡಿ. ಅದು ಹೇಳಿದ ಸಂಗತಿಗಳನ್ನು ನೆಲದ ಮೇಲೆ ನಿಂತು ಪರೀಕ್ಷಿಸಿ. ಸುಂಕಸಾಳಕ್ಕೆ ಸಮುದ್ರ ತಂದ ಜಾಣ ಅದು. ಅದರಿಂದ ಪ್ರಶ್ನೆಯನ್ನು ಪಡೆಯಿರಿ. ಉತ್ತರವನ್ನು ಮಾತ್ರ ಆ ಪ್ರಶ್ನೆ ಯಾರ ಬಾಳಿಗೆ ಸೇರಿದೆಯೋ ಅವರ ಬಳಿಗೇ ಹೋಗಿ ಕೇಳಿರಿ.

ಹುಬ್ಬಳ್ಳಿಗೆ ನಾನು ಹೋಗಲಿಲ್ಲ. ದಿಬ್ಬದ ಮೇಲೆ ಈಗ ಅಡಿಪಾಯ ಎದ್ದಿದೆ. ಬಿಟ್ಟ ಪದವಿಯನ್ನು ನೆನೆದು ಮನಸ್ಸು ಒಮ್ಮೊಮ್ಮೆ ಮಿಡುಕುವುದುಂಟು. ನಿರ್ಧಾರ ಸರಿಯಾಯಿತೇ ಎಂಬುದನ್ನು ಇನ್ನು ನಾಲ್ಕಾರು ಮಳೆಗಾಲಗಳು ಹೇಳಬೇಕು. ಕಲ್ಲು ಇಡುವ ದಿನ ತಾಯಿ ನೆಲವನ್ನೆಲ್ಲ ಒಂದು ಸುತ್ತು ನಡೆದು ನೋಡಿ, ಅಡಿಗೆಮನೆಯ ಬಾಗಿಲು ತಪ್ಪು ದಿಕ್ಕಿಗೆ ಬಂದಿದೆಯೆಂದರು. ನಾನು ವಾದಿಸದೆ ನಕ್ಷೆಯನ್ನು ತಿದ್ದಿದೆ.