ಸುಧಾರಿಸಬೇಕಾದುದು ಕೋವಿಯೋ, ಕೈಯೋ?

ಕುಣಿಯಲಾರದವಳು ನೆಲ ಡೊಂಕೆಂದಳೆಂಬ ಗಾದೆಯು ಕನ್ನಡನಾಡಿನದಾದರೂ, ಅದಕ್ಕೆ ತಕ್ಕ ನಿದರ್ಶನಗಳು ಈಗ ಅಮೆರಿಕಾ ದೇಶದಲ್ಲಿ ಹೇರಳವಾಗಿ ದೊರೆಯುತ್ತವೆ. ಬೇಟೆಗಾಗಿಯೂ ಅಲ್ಲದೆ, ಆತ್ಮರಕ್ಷಣೆಗಾಗಿಯೂ ಅಲ್ಲದೆ, ಕೇವಲ ವಿನೋದಾರ್ಥವಾಗಿ ಕಾಗದದ ಗುರಿಗೋ ತಗಡಿನ ಡಬ್ಬಿಗೋ ಗುಂಡು ಹೊಡೆಯುವ ಗೃಹಸ್ಥರು ಅಲ್ಲಿ ಅಸಂಖ್ಯರಾಗಿದ್ದಾರೆ. ಅವರಲ್ಲಿ ಬಹುಮಂದಿ, ಗುಂಡು ಗುರಿ ತಪ್ಪಿದೊಡನೆ ತಮ್ಮ ಕೈಯನ್ನು ಶಂಕಿಸದೆ ಕೋವಿಯನ್ನು ಶಂಕಿಸುತ್ತಾರೆ. ಅಭ್ಯಾಸಕ್ಕೆ ಹೋಗುವುದನ್ನು ಬಿಟ್ಟು ಅಂಗಡಿಗೆ ಹೋಗುತ್ತಾರೆ. ಈ ಚಾಳಿಗೆ ಅವರಿಟ್ಟ ಹೆಸರು ‘ಸುಧಾರಣೆ’. ಒಳ್ಳೆಯ ವಸ್ತುವೊಂದನ್ನು ದುಡ್ಡು ಕೊಟ್ಟು ಕೆಡಿಸುವುದಕ್ಕೆ ಈ ಹೆಸರು ಸಲ್ಲುವುದೇ ಎಂಬುದನ್ನು ವಾಚಕರು ವಿಚಾರಿಸಿ ನೋಡತಕ್ಕದ್ದು.

ವ್ಯಾಜ್ಯಕ್ಕೆ ಮೂಲವಾದ ವಸ್ತುವು .22 ಅಂಗುಲದ ಸಣ್ಣ ನಳಿಗೆಯ, ಎರಡು ತುಂಡುಗಳಾಗಿ ಬಿಡಿಸಿ ಚೀಲದಲ್ಲಿಡಬಹುದಾದ ರೈಫಲು. ಇದಕ್ಕೆ ಬೇಕಾದ ‘ಲಾಂಗ್ ರೈಫಲ್’ ಎಂಬ ತೋಟೆಯು 1887ರಲ್ಲಿ ಬಳಕೆಗೆ ಬಂದಿತು. ಅದರ ಸೀಸದ ಗುಂಡಿನ ತೂಕ ಸಾಮಾನ್ಯವಾಗಿ 40 ಗ್ರೇನು. ಸದ್ದು ಅಲ್ಪ, ಭುಜಕ್ಕೆ ಬೀಳುವ ಹೊಡೆತ ಇಲ್ಲವೆಂದೇ ಹೇಳಬಹುದು, ಬೆಲೆಯೂ ಇತರ ತೋಟೆಗಳಿಗಿಂತ ಕಡಮೆ. ಜಾನ್ ಮೋಸೆಸ್ ಬ್ರೌನಿಂಗನು ರೂಪಿಸಿದ, 1914ರಲ್ಲಿ ಬೆಲ್ಜಿಯಮಿನಲ್ಲಿ ತಯಾರಾಗತೊಡಗಿದ ಬಿಡಿಸಬಹುದಾದ ರೈಫಲು ಈ ತೋಟೆಯ ಗುಣವನ್ನರಿತು ಮಾಡಿದ ಕೃತಿ. ಯೂಜೀನ್ ಸ್ಟೋನರನು ಆರ್ಮಲೈಟ್ ಕಂಪನಿಗಾಗಿ ರಚಿಸಿದ ಎ.ಆರ್.-7 ಎಂಬುದರಲ್ಲಿ ನಳಿಗೆಯೂ ಯಂತ್ರಭಾಗವೂ ಭುಜಕ್ಕೊತ್ತುವ ಬುಡದೊಳಗೇ ಅಡಗುತ್ತವೆ. ಹಾಗೆ ಅಡಗಿಸಿಟ್ಟ ಕೋವಿಯು ನೀರಿಗೆ ಬಿದ್ದರೂ ತೇಲುತ್ತದೆ. ರೂಗರ್ ಕಂಪನಿಯವರು 1964ರಲ್ಲಿ ಹೊರತಂದ 10/22 ಎಂಬ ರೈಫಲಿಗೆ 2012ರಲ್ಲಿ ಬಿಡಿಸುವ ರೂಪವನ್ನು ಕೊಟ್ಟರು. ತೂಕ ಐದು ಪೌಂಡಿಗೂ ಕಡಮೆ; ಬೋಲ್ಟನ್ನು ಹಿಂದಕ್ಕೆಳೆದು ನಿಲ್ಲಿಸಿ, ಒಳಗೆ ತೋಟೆಯಿಲ್ಲವೆಂಬುದನ್ನು ಕಣ್ಣಾರೆ ಕಂಡು, ಚಿಕ್ಕದೊಂದು ಸನ್ನೆಯನ್ನು ಒತ್ತಿ ತಿರುಗಿಸಿದರೆ ಎರಡು ತುಂಡಾಗುತ್ತದೆ. ಹಗುರತೆ, ಅಡಕ, ಸರಳತೆ ಈ ಮೂರೇ ಈ ಜಾತಿಯ ಕೋವಿಯ ಜೀವಾಳವೆಂಬುದು ನಿರ್ವಿವಾದ.

ಇಂಥ ಕೋವಿ ಮನೆಗೆ ಬಂದ ತಿಂಗಳೊಳಗೆ ಏನಾಗುತ್ತದೆ? ಮೊದಲು ತೆಳ್ಳನೆಯ ನಳಿಗೆ ಹೋಗಿ, 0.920 ಅಂಗುಲ ದಪ್ಪದ ಒನಕೆಯಂಥ ನಳಿಗೆ ಬರುತ್ತದೆ. ಹತ್ತು ತೋಟೆಯ ಪುಟ್ಟ ಮ್ಯಾಗಜಿನ್ನು ಹೋಗಿ ಇಪ್ಪತ್ತೈದರದು ಬರುತ್ತದೆ. ಬುಡ ಬದಲಾಗುತ್ತದೆ, ಟ್ರಿಗರ್ ಬದಲಾಗುತ್ತದೆ, ಮೇಲೊಂದು ದುರ್ಬೀನು ಏರುತ್ತದೆ, ದುರ್ಬೀನಿನ ಭಾರವನ್ನು ಹೊರಲಾರದೆ ಕೆಳಗೆರಡು ಕಾಲು ಮೂಡುತ್ತವೆ. ಕೊನೆಗೆ ಮೊದಲಿನ ಕೋವಿಯಲ್ಲಿ ಉಳಿಯುವುದು ಯಂತ್ರದ ಕವಚವೊಂದೇ. ಚೀಲದಲ್ಲಿ ಹಿಡಿಯಲೆಂದು ಕೊಂಡುದು ಈಗ ಚೀಲದಲ್ಲಿ ಹಿಡಿಯುವುದಿಲ್ಲ. ಖರ್ಚಾದ ಹಣದಲ್ಲಿ ಇಂಥದೇ ಇನ್ನೊಂದು ಕೋವಿಯನ್ನು ಕೊಳ್ಳಬಹುದಾಗಿತ್ತು.

ತೂಕದ ಮಾತು ಒತ್ತಟ್ಟಿಗಿರಲಿ. ಈ ಸುಧಾರಣೆಯು ಕೋವಿಯ ಬುದ್ಧಿವಂತಿಕೆಯನ್ನೇ ಹಾಳುಮಾಡುತ್ತದೆಂಬುದು ಇನ್ನೂ ಗುರುತರವಾದ ಆಕ್ಷೇಪ. ನಳಿಗೆಯನ್ನು ಬಿಡಿಸಿ ಮತ್ತೆ ಕೂಡಿಸಿದಾಗ ಅದು ಮೊದಲಿದ್ದಂತೆಯೇ ಕೂರುವುದೆಂಬ ಭರವಸೆಯಿಲ್ಲ. ಕೂದಲೆಳೆಯಷ್ಟಾದರೂ ವ್ಯತ್ಯಾಸ ಬರಬಹುದು. ಒಂದು ಡಿಗ್ರಿಯ ಅರುವತ್ತನೆಯ ಒಂದು ಪಾಲು ಓರೆಯಾದರೂ 50 ಗಜದ ದೂರದಲ್ಲಿ ಗುಂಡು ಸುಮಾರು ಅರ್ಧ ಅಂಗುಲ ಸರಿಯುತ್ತದೆ. ಇದನ್ನರಿತೇ ಬ್ರೌನಿಂಗನ ರೈಫಲಿನಲ್ಲಿ ಗುರಿ ನೋಡುವ ಮುಂದಿನ ಮೊನೆಯನ್ನೂ ಹಿಂದಿನ ಕಂಡಿಯನ್ನೂ ನಳಿಗೆಯ ಮೇಲೆಯೇ ಕೂರಿಸಲಾಗಿದೆ. ರೂಗರಿನ ಮೂಲರೂಪದಲ್ಲಿಯೂ ಹಾಗೆಯೇ. ನಳಿಗೆ ಎತ್ತ ಹೊರಳಿದರೂ ಮೊನೆ ಕಂಡಿಗಳು ಅದರೊಡನೆಯೇ ಹೊರಳುವುದರಿಂದ ಗುರಿ ಕೆಡುವುದಿಲ್ಲ. ಸುಧಾರಕನಾದರೋ ಇವನ್ನು ಕಿತ್ತೆಸೆದು, ದುರ್ಬೀನನ್ನು ಯಂತ್ರಭಾಗದ ಮೇಲೆ ಬಿಗಿಯುತ್ತಾನೆ. ಆಗ ಕಣ್ಣು ಒಂದು ತುಂಡಿನ ಮೇಲೆ, ಗುಂಡು ಇನ್ನೊಂದು ತುಂಡಿನಿಂದ! ಕೂಡುವೆಡೆಯ ಬಿಗಿಯನ್ನು ಸರಿಪಡಿಸಲು ತಯಾರಕರು ತಿರುಗಣೆಯೊಂದನ್ನು ಇಟ್ಟಿರುವುದು ನಿಜ. ಆದರೆ ಸುಧಾರಕನಿಗೆ ಆ ನಂಬಿಕೆ ಸಾಲದು. ಗುರಿ ಕೆಟ್ಟೀತೆಂಬ ಭಯದಿಂದ ಅವನು ಕೋವಿಯನ್ನು ಬಿಡಿಸುವುದನ್ನೇ ಬಿಟ್ಟುಬಿಡುತ್ತಾನೆ. ಕೊಡೆಯನ್ನು ಕೊಂಡು, ಮಡಿಸಿದರೆ ಬಟ್ಟೆ ಸುಕ್ಕಾದೀತೆಂದು ಸದಾ ಬಿಚ್ಚಿಯೇ ಇಟ್ಟುಕೊಂಡವನಿಗೂ ಇವನಿಗೂ ಭೇದವೇನು?

ಟ್ರಿಗರಿನ ವಿಷಯ ವಿನೋದದ್ದಲ್ಲ. ಕಾರ್ಖಾನೆಯಿಂದ ಬರುವ ಟ್ರಿಗರನ್ನು ಎಳೆಯಲು ಸುಮಾರು 6 ಪೌಂಡಿನ ಬಲ ಬೇಕು. ಅದನ್ನು 3 ಪೌಂಡಿಗೂ ಕೆಳಗಿಳಿಸುವ ಬಿಡಿಭಾಗಗಳು ಮಾರಾಟಕ್ಕಿವೆ. ನುರಿತವನ ಕೈಯಲ್ಲಿ ಹಗುರವಾದ ಟ್ರಿಗರ್ ಗುಣವೇ ಆದೀತು. ಆದರೆ ಈ ಕೋವಿ ನುರಿತವನೊಬ್ಬನ ಕೈಯಲ್ಲಿ ಮಾತ್ರ ಇರುವುದೇ? ಹಗುರವಾದುದೆಂದೇ ಇದು ಮನೆಯ ಹುಡುಗರ ಕೈಗೆ ಮೊದಲು ಬರುವ ಕೋವಿ. ಬೆರಳನ್ನು ಎಲ್ಲಿಡಬೇಕೆಂಬುದನ್ನೇ ಇನ್ನೂ ಕಲಿಯದ ಮಗುವಿಗೆ, ಮುಟ್ಟಿದರೆ ಹಾರುವ ಟ್ರಿಗರನ್ನು ಕೊಡುವ ತಂದೆಯು ಸುಧಾರಿಸಿದುದಾದರೂ ಏನನ್ನು? ಸಣ್ಣ ಗುಂಡೆಂದು ತಾತ್ಸಾರ ಮಾಡತಕ್ಕದ್ದಲ್ಲ. ಅದು ಒಂದು ಮೈಲಿಗೂ ಮೀರಿ ಹೋಗಬಲ್ಲುದು, ಮನುಷ್ಯನನ್ನು ಕೊಲ್ಲಬಲ್ಲುದು.

ಸುಧಾರಕರು ಇದಕ್ಕೆ ಎರಡು ಸಮಾಧಾನಗಳನ್ನು ಹೇಳುವರು. ಬಿಚ್ಚುವುದು, ಜೋಡಿಸುವುದು, ಬದಲಾಯಿಸುವುದು ಇವೂ ಒಂದು ವಿನೋದವೇ ಎಂಬುದು ಮೊದಲನೆಯದು. ಒಪ್ಪತಕ್ಕದ್ದೇ, ಆದರೆ ಅದು ಬಡಗಿಯ ವಿನೋದ, ಗುರಿಕಾರನದಲ್ಲ, ಒಂದರ ಸುಖವನ್ನು ಇನ್ನೊಂದರ ಹೆಸರಿನಲ್ಲಿ ಕೊಳ್ಳಬಾರದು. ಒಲಿಂಪಿಕ್ ಪಂದ್ಯಗಳಲ್ಲಿ ಹೊಡೆಯುವವರ .22 ರೈಫಲುಗಳು ಇನ್ನೂ ವಿಚಿತ್ರವಾಗಿರುವುವಲ್ಲವೇ ಎಂಬುದು ಎರಡನೆಯದು. ಅದೂ ದಿಟ. ಅಲ್ಲಿ 50 ಮೀಟರು ದೂರದಲ್ಲಿರುವ ಗುರಿಯ ನಡುವಣ ವೃತ್ತದ ಅಗಲ 10.4 ಮಿಲಿಮೀಟರು ಮಾತ್ರ. 2024ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಭಾರತದ ಸ್ವಪ್ನಿಲ್ ಕುಸಾಳೆಯವರು ಮೂರು ಭಂಗಿಗಳ ಈ ಪಂದ್ಯದಲ್ಲಿ ಕಂಚಿನ ಪದಕವನ್ನು ಗಳಿಸಿದರು. ಆದರೆ ಅಲ್ಲಿ ಒಂದು ಸಲಕ್ಕೆ ತುಂಬುವುದು ಒಂದೇ ತೋಟೆ. ಮಂಡಿಯೂರಿ, ಮಲಗಿ, ನಿಂತು ವರ್ಷಗಟ್ಟಲೆ ಮೈಯನ್ನು ಪಳಗಿಸಿದ ಮೇಲೆ, ಆ ಮೈಗೆ ತಕ್ಕಂತೆ ಕೋವಿಯನ್ನು ಹೊಂದಿಸುತ್ತಾರೆ. ಅಭ್ಯಾಸವು ಸಲಕರಣೆಯನ್ನು ಬೇಡಿತೇ ಹೊರತು, ಸಲಕರಣೆಯು ಅಭ್ಯಾಸದ ಸ್ಥಾನವನ್ನು ಆಕ್ರಮಿಸಲಿಲ್ಲ. ಈ ನ್ಯಾಯದಂತೆ, ಮುಪ್ಪಿನಿಂದ ಕಣ್ಣು ಮಂಜಾದವನು ದುರ್ಬೀನನ್ನು ಹಾಕಿಸಿಕೊಂಡರೆ, ಮಗುವಿನ ತೋಳಿಗೆ ತಕ್ಕಷ್ಟು ಬುಡವನ್ನು ಗಿಡ್ಡಮಾಡಿಸಿದರೆ, ಯಾರೂ ಆಕ್ಷೇಪಿಸಲಾರರು. ಅದು ಅವಶ್ಯಕತೆ, ಉಳಿದುದು ವ್ಯಾಮೋಹ.

ಇದೆಲ್ಲ ದೂರದೇಶದ ಮಾತೆಂದು ವಾಚಕರು ಪುಟವನ್ನು ಮಗುಚಬೇಕಾಗಿಲ್ಲ. ಭಾರತದಲ್ಲಿ ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವಂತಿಲ್ಲವಾದರೂ, ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ವಿನಾಯಿತಿಯುಂಟು. ಕೈಲ್‌ಪೊಳ್ದಿನ ದಿನ ಅಲ್ಲಿಯ ಮನೆಗಳಲ್ಲಿ ಕೋವಿಗೆ ತೋಕ್‌ಪೂ ಮುಡಿಸಿ ಪೂಜೆಮಾಡುತ್ತಾರೆ. ಬಳಿಕ ಬಯಲಿಗೆ ಹೋಗಿ, ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುತ್ತಾರೆ. ತಾತನ ಕೋವಿಯಿಂದ ಮೊಮ್ಮಗನು ಕಾಯನ್ನು ಒಡೆದರೆ ಊರು ಕೊಂಡಾಡುವುದು ಆ ಕೈಯನ್ನು. ಕಾಯಿ ತಪ್ಪಿದರೆ ಮುಂದಿನ ವರ್ಷಕ್ಕೆ ಪಳಗಬೇಕಾದುದೂ ಆ ಕೈಯೇ.

ಹಾಗಾದರೆ ಹೊಸ ಕೋವಿಯನ್ನು ಕೊಂಡವನು ಮಾಡತಕ್ಕದ್ದೇನು? ಬಿಡಿಭಾಗಗಳಿಗೆ ತೆಗೆದಿಟ್ಟ ಹಣವನ್ನು ತೋಟೆಗಳಿಗೆ ಹಾಕಲಿ. ಗುಂಡನ್ನು ತಡೆಯುವ ಮಣ್ಣಿನ ದಿಬ್ಬದ ಮುಂದೆ, 25 ಗಜದಲ್ಲಿ ಕಾಗದವನ್ನಂಟಿಸಿ, ಹತ್ತು ತೋಟೆಗಳನ್ನು ಮಲಗಿ, ಹತ್ತನ್ನು ಕುಳಿತು, ಹತ್ತನ್ನು ನಿಂತು ಹೊಡೆಯಲಿ; ಆ ಕಾಗದದ ಮೇಲೆ ದಿನಾಂಕ ಬರೆದಿಡಲಿ. ಒಂದು ವರ್ಷದ ಕಾಗದಗಳನ್ನು ಸಾಲಾಗಿ ಹರಡಿ ನೋಡಿದ ಮೇಲೆಯೂ ದೋಷವು ಕೋವಿಯದೇ ಎಂದು ತೋರಿದರೆ, ಆಗ ಸುಖವಾಗಿ ಅಂಗಡಿಗೆ ಹೋಗಲಿ. ಅಷ್ಟರೊಳಗೆ ಬಹುಮಂದಿಗೆ ಅಂಗಡಿಯ ದಾರಿಯೇ ಮರೆತುಹೋಗಿರುತ್ತದೆ.