ಹದಿನಾಲ್ಕು ಮಂದಿಗಾಗಿ ಮಡಿದ ತಂಡ

ಅಮೆರಿಕದ ಚಿತ್ರಕಥೆಗಳ ಇಬ್ಬರು ಹಳೆಯ ಅಭಿಮಾನಿಗಳು ಒಂದೆಡೆ ಕುಳಿತರೆ ವಾದಕ್ಕೆ ವಿಷಯದ ಬರವಿರುವುದಿಲ್ಲ. ಸೂಪರ್‌ಮ್ಯಾನ್ ಬಲಿಷ್ಠನೋ ಇನ್ನೊಬ್ಬನೋ ಎಂಬುದು ಎಳೆಯರ ಜಗಳ. ಹಳಬರಿಗೆ ಮುಖ್ಯವಾದವು, ಹೆಚ್ಚು ಮಂದಿ ಹೆಸರನ್ನೂ ಕೇಳಿರದ, ಕೊಳ್ಳುವವರು ಸಾಲದೆ ನಿಂತುಹೋದ ಪುಟ್ಟ ತಂಡಗಳು. ಯಾವ ತಂಡ ಮೊದಲು ಬಂದದ್ದು, ಯಾವುದು ಯಾವುದರ ನಕಲು, ಹೆಸರೊಂದೇ ಉಳಿದು ಮಂದಿಯೆಲ್ಲ ಬದಲಾದರೆ ಅದು ಅದೇ ತಂಡವೇ ಎಂಬ ಪ್ರಶ್ನೆಗಳನ್ನು ಅವರು ದಶಕಗಳಿಂದ ಕೈಬಿಟ್ಟಿಲ್ಲ. ಹೊರಗಿನವರಿಗೆ ಇದು ಕೆಲಸವಿಲ್ಲದವರ ಹರಟೆಯೆನಿಸಬಹುದು. ಆದರೆ ಆ ಹರಟೆ ಇಲ್ಲದಿದ್ದರೆ ಆ ತಂಡಗಳಲ್ಲಿ ಹಲವು ಇಂದು ನೆನಪಿನಲ್ಲಿಯೂ ಉಳಿಯುತ್ತಿರಲಿಲ್ಲ.

ಇಂದ್ರಜಾಲ ಕಾಮಿಕ್ಸಿನ ಮೂಲಕ ಕನ್ನಡದ ಓದುಗರಿಗೆ ಪರಿಚಿತರಾದ ಫ್ಯಾಂಟಮ್, ಮಾಂಡ್ರೇಕ್ ಮೊದಲಾದವರು ಬಹುಮಟ್ಟಿಗೆ ಒಂಟಿ ವೀರರು. ಹಲವು ವೀರರನ್ನು ಒಂದೇ ಮೇಜಿನ ಸುತ್ತ ಕೂರಿಸುವ ಪದ್ಧತಿ ಅಮೆರಿಕದಲ್ಲಿ 1940ರಲ್ಲಿ, ‘ಜಸ್ಟೀಸ್ ಸೊಸೈಟಿ ಆಫ್ ಅಮೆರಿಕ’ ಎಂಬ ತಂಡದಿಂದ ಆರಂಭವಾಯಿತು. 1951ರ ಹೊತ್ತಿಗೆ ಆ ತಂಡದ ಕಥೆಗಳು ನಿಂತವು. ಮರೆಯದವರು ಕೆಲವೇ ಮಂದಿ. ಅವರಲ್ಲಿ ಅಧ್ಯಾಪಕರಾಗಿದ್ದ ಜೆರ್ರಿ ಬೇಲ್ಸ್ ಮತ್ತು ಇನ್ನೂ ವಿದ್ಯಾರ್ಥಿಯಾಗಿದ್ದ ರಾಯ್ ಥಾಮಸ್ ಪ್ರಮುಖರು. ಪ್ರಕಾಶಕರಿಗೆ ಪತ್ರದ ಮೇಲೆ ಪತ್ರ ಬರೆದ ಇವರು 1961ರಲ್ಲಿ ‘ಆಲ್ಟರ್ ಈಗೋ’ ಎಂಬ ಪುಟ್ಟ ಪತ್ರಿಕೆಯನ್ನೂ ಹೊರತಂದರು. ಅದೇ ಕಾಲದಲ್ಲಿ ಡಿಸಿ ಸಂಸ್ಥೆಯ ಸಂಪಾದಕ ಜೂಲಿಯಸ್ ಶ್ವಾರ್ಟ್ಸ್ ಓದುಗರ ಪತ್ರಗಳೊಂದಿಗೆ ಅವರ ಪೂರ್ಣ ವಿಳಾಸವನ್ನೂ ಅಚ್ಚುಮಾಡತೊಡಗಿದ್ದರು. ದೂರದೂರದ ಊರುಗಳಲ್ಲಿ ತಾನೊಬ್ಬನೇ ಇದನ್ನು ಓದುತ್ತಿದ್ದೇನೆಂದು ಭಾವಿಸಿದ್ದವರಿಗೆ ತಮ್ಮಂಥವರು ಇನ್ನೂ ಇದ್ದಾರೆಂಬುದು ಆ ವಿಳಾಸಗಳಿಂದ ತಿಳಿಯಿತು. 1963ರಲ್ಲಿ ಜಸ್ಟೀಸ್ ಸೊಸೈಟಿ ಮತ್ತೆ ಪುಟಗಳ ಮೇಲೆ ಕಾಣಿಸಿಕೊಂಡಿತು.

ಅಭಿಮಾನಿಗಳ ಅತಿ ದೊಡ್ಡ ವಾದಕ್ಕೆ ಬೀಜ ಬಿದ್ದದ್ದೂ ಅದೇ 1963ರಲ್ಲಿ. ಆ ವರ್ಷದ ಜೂನ್ ಸಂಚಿಕೆಯೊಂದರಲ್ಲಿ ಡಿಸಿ ಸಂಸ್ಥೆ ‘ಡೂಮ್ ಪಟ್ರೋಲ್’ ಎಂಬ ತಂಡವನ್ನು ಪರಿಚಯಿಸಿತು. ಅದರ ಕಥೆಗಾರರು ಆರ್ನಾಲ್ಡ್ ಡ್ರೇಕ್ ಮತ್ತು ಬಾಬ್ ಹೇನಿ. ಚಿತ್ರಕಾರ ಬ್ರೂನೋ ಪ್ರೆಮಿಯಾನಿ. ತಂಡದವರೆಲ್ಲ ಅವಘಡಗಳಿಂದ ರೂಪುಗೆಟ್ಟವರು. ಮೋಟಾರು ಪಂದ್ಯದಲ್ಲಿ ದೇಹ ಕಳೆದುಕೊಂಡು, ಮಿದುಳನ್ನಷ್ಟೇ ಲೋಹದ ಒಡಲಿನಲ್ಲಿ ಉಳಿಸಿಕೊಂಡ ರೋಬಾಟ್‌ಮ್ಯಾನ್. ವಿಕಿರಣಕ್ಕೆ ಸಿಲುಕಿ ಮೈತುಂಬ ಪಟ್ಟಿ ಸುತ್ತಿಕೊಂಡು ಬದುಕಬೇಕಾದ ವಿಮಾನ ಚಾಲಕ ನೆಗೆಟಿವ್ ಮ್ಯಾನ್. ಮೈ ಹಿಗ್ಗಿಸಿ ಕುಗ್ಗಿಸಬಲ್ಲ ಮಾಜಿ ಚಿತ್ರನಟಿ ಇಲಾಸ್ಟಿಗರ್ಲ್. ಇವರನ್ನು ಕಲೆಹಾಕಿದವನು ಗಾಲಿಕುರ್ಚಿಯಲ್ಲಿ ಕುಳಿತ ಮೇಧಾವಿ, ‘ಚೀಫ್’. ಲೋಕ ಇವರನ್ನು ಕಂಡು ಹೆದರುತ್ತದೆ. ಇವರು ಅದೇ ಲೋಕವನ್ನು ಕಾಯುತ್ತಾರೆ.

ಮೂರೇ ತಿಂಗಳ ಬಳಿಕ, ಸೆಪ್ಟೆಂಬರ್ ಸಂಚಿಕೆಯಾಗಿ, ಪ್ರತಿಸ್ಪರ್ಧಿ ಮಾರ್ವೆಲ್ ಸಂಸ್ಥೆಯ ‘ಎಕ್ಸ್‌ಮೆನ್’ ಬಂತು. ಅಲ್ಲಿಯೂ ಗಾಲಿಕುರ್ಚಿಯ ಮೇಧಾವಿ, ಅಲ್ಲಿಯೂ ಲೋಕ ದೂರವಿಟ್ಟ ವಿಲಕ್ಷಣರು. 1964ರ ಮಾರ್ಚ್ ಸಂಚಿಕೆಗಳಲ್ಲಿ ಎರಡೂ ತಂಡಗಳಿಗೆ ‘ಬ್ರದರ್‌ಹುಡ್’ ಎಂಬ ಹೆಸರಿನ ದುಷ್ಟಕೂಟಗಳೇ ಎದುರಾದವು. ಇದು ನಕಲೋ ಕಾಕತಾಳೀಯವೋ? ಒಂದು ಸಂಚಿಕೆ ಸಿದ್ಧವಾಗಿ ಅಂಗಡಿ ಸೇರಲು ತಿಂಗಳುಗಳೇ ಬೇಕಾದ್ದರಿಂದ, ಮೂರು ತಿಂಗಳಲ್ಲಿ ನಕಲು ಸಾಧ್ಯವಿರಲಿಲ್ಲ ಎನ್ನುವುದು ಒಂದು ಪಕ್ಷ. ಒಂದೇ ಊರಿನ ಎರಡು ಕಚೇರಿಗಳು, ಎರಡರಲ್ಲೂ ದುಡಿಯುತ್ತಿದ್ದ ಕಲಾವಿದರು. ಸುದ್ದಿ ಸೋರಲು ಇನ್ನೇನು ಬೇಕು ಎನ್ನುವುದು ಮತ್ತೊಂದು. ಆರಂಭದಲ್ಲಿ ಕಾಕತಾಳೀಯವೆಂದೇ ನಂಬಿದ್ದ ಡ್ರೇಕ್ ಕೂಡ ಮುಂದೆ ಸಂಶಯದ ಕಡೆಗೆ ವಾಲಿದರು. ವಾದ ಇನ್ನೂ ಇತ್ಯರ್ಥವಾಗಿಲ್ಲ.

ಹೋಲಿಕೆಯ ವಾದದಲ್ಲಿ ಸೋತವರೂ ಗೆದ್ದವರೂ ಒಟ್ಟಾಗಿ ತಲೆಬಾಗುವ ಕಥೆಯೊಂದಿದೆ. ಅದು 1968ರಲ್ಲಿ ಪ್ರಕಟವಾದ ಡೂಮ್ ಪಟ್ರೋಲ್‌ನ 121ನೆಯ ಸಂಚಿಕೆ. ಮಾರಾಟ ಕುಸಿದು ಪುಸ್ತಕ ನಿಲ್ಲುವುದು ನಿಶ್ಚಯವಾಗಿತ್ತು. ಕಥೆಯಲ್ಲಿ ಶತ್ರುಗಳು ತಂಡವನ್ನು ದ್ವೀಪವೊಂದರಲ್ಲಿ ಸಿಲುಕಿಸಿ ಆಯ್ಕೆಯೊಂದನ್ನು ಮುಂದಿಡುತ್ತಾರೆ. ಮೇಯ್ನ್ ಪ್ರಾಂತದ ಕಾಡ್ಸ್‌ವಿಲ್ ಎಂಬ ಬೆಸ್ತರ ಹಳ್ಳಿಯನ್ನು ಸಿಡಿಸಬೇಕೋ, ಇಲ್ಲವೇ ಈ ದ್ವೀಪವನ್ನೋ? ಹಳ್ಳಿಯ ಜನಸಂಖ್ಯೆ ಕೇವಲ ಹದಿನಾಲ್ಕು. ಲೋಕವನ್ನು ಹಲವು ಬಾರಿ ಉಳಿಸಿದ ವೀರರು ಹೆಸರರಿಯದ ಹದಿನಾಲ್ಕು ಮಂದಿಗಾಗಿ ಸಾಯಲಾರರೆಂದೂ, ಅವರ ಸ್ವಾರ್ಥ ಲೋಕಕ್ಕೆಲ್ಲ ಬಯಲಾಗುವುದೆಂದೂ ಶತ್ರುವಿನ ಎಣಿಕೆ. ಆ ಎಣಿಕೆ ತಪ್ಪುತ್ತದೆ. ಸಿಡಿಸುವುದಾದರೆ ತಮ್ಮನ್ನೇ ಸಿಡಿಸೆಂದು ನಾಲ್ವರೂ ಹೇಳುತ್ತಾರೆ, ದ್ವೀಪ ಸಿಡಿಯುತ್ತದೆ. ಸಂಪಾದಕ ಮರ್ರಿ ಬೋಲ್ಟಿನಾಫ್ ಮತ್ತು ಚಿತ್ರಕಾರ ಪ್ರೆಮಿಯಾನಿ ತಾವೇ ಪಾತ್ರಗಳಾಗಿ ಪುಟದಲ್ಲಿ ಕಾಣಿಸಿಕೊಂಡು, ಇವರ ಅಳಿವು ಉಳಿವು ಓದುಗರ ಕೈಯಲ್ಲಿದೆಯೆಂದು ಸೂಚಿಸುತ್ತಾರೆ.

ಇಲ್ಲಿರುವ ವಿಪರ್ಯಾಸವನ್ನು ಅಭಿಮಾನಿಗಳು ಮರೆತಿಲ್ಲ. ಓದುವವರು ಕಡಿಮೆಯೆಂದು ಲೆಕ್ಕಹಾಕಿ ಪ್ರಕಾಶಕರು ನಿಲ್ಲಿಸಿದ ಪುಸ್ತಕವು, ಮಂದಿ ಕಡಿಮೆಯೆಂಬುದು ಕೈಬಿಡಲು ಕಾರಣವಾಗದೆಂದು ಸಾರಿ ಕೊನೆಗೊಂಡಿತು. ಅಂಗಡಿಯ ಲೆಕ್ಕವೂ ಕಥೆಯ ಲೆಕ್ಕವೂ ಇಷ್ಟು ನೇರವಾಗಿ ಎದುರುಬದುರಾದದ್ದು ಅಪರೂಪ. ಪುಸ್ತಕ ಆಗ ಉಳಿಯಲಿಲ್ಲ. 1973ರಲ್ಲಿ ಹಳೆಯ ಕಥೆಗಳ ಮೂರು ಮರುಮುದ್ರಣಗಳು ಬಂದವು. 1977ರಲ್ಲಿ ರೋಬಾಟ್‌ಮ್ಯಾನ್ ಹೊಸ ಸಂಗಾತಿಗಳೊಂದಿಗೆ ಮರಳಿದ. 1989ರಲ್ಲಿ ಗ್ರಾಂಟ್ ಮಾರಿಸನ್ ಆ ತಂಡಕ್ಕೆ ವಿಚಿತ್ರವೂ ಗಾಢವೂ ಆದ ಹೊಸ ಬಾಳು ಕೊಟ್ಟರು. 2019ರಿಂದ 2023ರವರೆಗೆ ಅದು ಕಿರುತೆರೆಯ ಧಾರಾವಾಹಿಯೂ ಆಯಿತು. ಪ್ರತಿಯೊಂದು ಮರಳುವಿಕೆಯ ಹಿಂದೆಯೂ ಬಾಲ್ಯದಲ್ಲಿ ಆ ಕಥೆಗಳನ್ನು ಓದಿ ಮರೆಯಲಾರದವರಿದ್ದರು.

ಇಂದು ಜಗತ್ತೆಲ್ಲ ಬಲ್ಲ ಎಕ್ಸ್‌ಮೆನ್ ಕೂಡ ಒಂದು ಕಾಲಕ್ಕೆ ಸೋತ ತಂಡವೇ. 1970ರ ಕೊನೆಯಿಂದ 1975ರವರೆಗೆ ಅದರ ಸಂಚಿಕೆಗಳಲ್ಲಿ ಹೊಸ ಕಥೆಗಳಿರಲಿಲ್ಲ, ಹಳೆಯವೇ ಮರುಮುದ್ರಣಗೊಳ್ಳುತ್ತಿದ್ದವು. 1975ರಲ್ಲಿ ಲೆನ್ ವೈನ್ ಮತ್ತು ಡೇವ್ ಕಾಕ್ರಮ್ ಬೇರೆ ಬೇರೆ ದೇಶಗಳ ಹೊಸಬರನ್ನು ತಂದು ಸೇರಿಸಿದ ಮೇಲೆ ಅದರ ದೆಸೆ ತಿರುಗಿತು.

ಡೂಮ್ ಪಟ್ರೋಲನ್ನು ಬಿಟ್ಟು ಮಾರ್ವೆಲ್ ಸೇರಿದ ಡ್ರೇಕ್ ಅಲ್ಲಿ ಎಕ್ಸ್‌ಮೆನ್‌ನ ಕೆಲವು ಕಥೆಗಳನ್ನೂ ಬರೆದರು. ಜೊತೆಗೆ ಚಿತ್ರಕಾರ ಜೀನ್ ಕೋಲನ್ ಅವರೊಡನೆ ಇನ್ನೊಂದು ತಂಡವನ್ನು ಸೃಷ್ಟಿಸಿದರು. 1969ರ ಜನವರಿ ಸಂಚಿಕೆಯಲ್ಲಿ ಬಂದ ಆ ತಂಡದ ಹೆಸರು ‘ಗಾರ್ಡಿಯನ್ಸ್ ಆಫ್ ದ ಗ್ಯಾಲಕ್ಸಿ’. ಕಥೆ ನಡೆಯುವುದು ಮೂವತ್ತೊಂದನೆಯ ಶತಮಾನದಲ್ಲಿ. ಆಕ್ರಮಣಕಾರರು ಸೌರಮಂಡಲವನ್ನು ಗೆದ್ದಿದ್ದಾರೆ; ತಂಡದ ಒಬ್ಬೊಬ್ಬನೂ ತನ್ನ ಜನರಲ್ಲಿ ತಾನೇ ಕಡೆಯವನೆಂದು ತಿಳಿದವನು. ಈ ಒಂದು ಕಥೆಯ ಬಳಿಕ ತಂಡ ಐದು ವರ್ಷ ಎಲ್ಲಿಯೂ ಕಾಣಲಿಲ್ಲ. 1974ರಲ್ಲಿ ಸ್ಟೀವ್ ಗರ್ಬರ್ ಅದನ್ನು ಹುಡುಕಿ ತಂದರು. 2008ರಲ್ಲಿ ಡ್ಯಾನ್ ಅಬ್ನೆಟ್ ಮತ್ತು ಆಂಡಿ ಲ್ಯಾನಿಂಗ್ ಅದೇ ಹೆಸರನ್ನು ಪೂರ್ತಿ ಬೇರೆ ಪಾತ್ರಗಳಿಗೆ ಕೊಟ್ಟರು. ಆ ಪುಸ್ತಕವೂ 25 ಸಂಚಿಕೆಗಳಿಗೇ ನಿಂತಿತು. ಆದರೆ 2014ರಲ್ಲಿ ಅದನ್ನಾಧರಿಸಿದ ಚಲನಚಿತ್ರ ಲೋಕದಾದ್ಯಂತ 77 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದನ್ನು ನೋಡಲು ಡ್ರೇಕ್ ಉಳಿದಿರಲಿಲ್ಲ. ಅವರು 2007ರಲ್ಲಿ ತೀರಿಕೊಂಡಿದ್ದರು.

ಆಗ ಎದ್ದ ವಾದವು ಉಳಿದೆಲ್ಲ ವಾದಗಳಿಗಿಂತ ಆಳವಾದುದು. ಚಿತ್ರಮಂದಿರದಿಂದ ಹೊರಬಂದ ಲಕ್ಷಾಂತರ ಮಂದಿಗೆ ಗಾರ್ಡಿಯನ್ಸ್ ಎಂದರೆ ಮಾತಾಡುವ ರಕೂನ್ ಮತ್ತು ನಡೆಯುವ ಮರ. ಹಳಬರಿಗೆ ಅದು ಕೊನೆಯವರಾಗಿ ಉಳಿದ ನಾಲ್ವರ ಕಥೆ. ಹೆಸರು ಗೆದ್ದು ಮೂಲದವರು ಮರೆಯಾದರೆ ಅದು ಉಳಿವೋ ಅಳಿವೋ? ಒಬ್ಬರು ಹೆಸರಿನ ನೆಪದಿಂದಲಾದರೂ ಹಳೆಯ ಪುಟಗಳು ಮತ್ತೆ ಅಚ್ಚಾದುವೆಂದು ಸಂತೋಷಪಡುತ್ತಾರೆ. ಇನ್ನೊಬ್ಬರು, ಮನೆಯ ಫಲಕ ಉಳಿಸಿ ಮನೆಮಂದಿಯನ್ನು ಹೊರಗೆ ಕಳಿಸಿದಂತಾಯಿತೆಂದು ನೊಂದುಕೊಳ್ಳುತ್ತಾರೆ. ಇಬ್ಬರ ಮಾತಿನಲ್ಲಿಯೂ ಸತ್ಯವಿದೆ. ಇಬ್ಬರೂ ಒಂದೇ ಹಳೆಯ ಸಂಚಿಕೆಯನ್ನು ತೆರೆದಿಟ್ಟು ವಾದಿಸುತ್ತಾರೆ ಎಂಬುದು ಅದಕ್ಕಿಂತ ದೊಡ್ಡ ಸತ್ಯ.

ಅತಿ ಪುಟ್ಟ ತಂಡ ಯಾವುದೆಂದು ಕೇಳಿದರೆ ಹಲವರು ನಗುತ್ತ ಹೇಳುವ ಹೆಸರು ‘ಲೀಜನ್ ಆಫ್ ಸಬ್‌ಸ್ಟಿಟ್ಯೂಟ್ ಹೀರೋಸ್’. 1963ರಲ್ಲಿ ಎಡ್ಮಂಡ್ ಹ್ಯಾಮಿಲ್ಟನ್ ಬರೆದ ಕಥೆಯಲ್ಲಿ ದೊಡ್ಡ ತಂಡವೊಂದು ಪರೀಕ್ಷೆ ನಡೆಸಿ ತಿರಸ್ಕರಿಸಿದ ಐವರು ತಾವೇ ಒಂದು ಕೂಟ ಕಟ್ಟಿಕೊಳ್ಳುತ್ತಾರೆ. ಒಬ್ಬಳಿಗೆ ಕತ್ತಲಲ್ಲಿ ಮಾತ್ರ ಬಲ. ಒಬ್ಬ ಕಲ್ಲಾಗಬಲ್ಲ, ಆದರೆ ಆಗ ಕದಲಲಾರ. ಮತ್ತೊಬ್ಬನಿಗೆ ಗಿಡ ಬೆಳೆಸುವ ಶಕ್ತಿಯಷ್ಟೇ. ಅವರನ್ನು ತಳ್ಳಿಹಾಕಿದ ದೊಡ್ಡ ತಂಡ ‘ಲೀಜನ್ ಆಫ್ ಸೂಪರ್‌ಹೀರೋಸ್’. ಅದರ ನಾಯಕನನ್ನು ಓದುಗರೇ ಮತ ಹಾಕಿ ಆರಿಸುವ ವಾಡಿಕೆಯಿತ್ತು. ಅದರ ಕಥೆಗಳನ್ನು ಓದಿ, ತಾನೇ ಬರೆದು ಕಳುಹಿಸಿದ ಜಿಮ್ ಶೂಟರ್ ಎಂಬ ಹುಡುಗನ ಮೊದಲ ಕಥೆ 1966ರಲ್ಲಿ ಅಚ್ಚಾದಾಗ ಅವನಿಗೆ ಹದಿನಾಲ್ಕು ವರ್ಷ. ತಿರಸ್ಕೃತರಲ್ಲೊಬ್ಬನಾದ ಪೋಲಾರ್ ಬಾಯ್ 1980ರ ದಶಕದಲ್ಲಿ ಅದೇ ದೊಡ್ಡ ತಂಡದ ನಾಯಕನೂ ಆದ.

ದೊಡ್ಡ ತಂಡಗಳಿಗೆ ಜಾಹೀರಾತು ಇದೆ, ಚಲನಚಿತ್ರವಿದೆ, ಆಟಿಕೆಗಳಿವೆ. ಪುಟ್ಟ ತಂಡಗಳಿಗೆ ಇರುವುದು ತಮ್ಮ ಬಗ್ಗೆ ಜಗಳವಾಡುವ ಒಂದಿಷ್ಟು ಓದುಗರು ಮಾತ್ರ. ಆ ಜಗಳ ನಿಂತ ದಿನ ತಂಡ ನಿಜವಾಗಿ ಸಾಯುತ್ತದೆ. ಅಲ್ಲಿಯವರೆಗೆ ದ್ವೀಪ ಸಿಡಿದರೂ ಮರಳಿ ಬರುವ ದಾರಿಯಿರುತ್ತದೆ. ಹದಿನಾಲ್ಕು ಮಂದಿಯ ಹಳ್ಳಿಯೂ ಒಂದು ಹಳ್ಳಿಯೇ. ಕಡಿಮೆ ಮಂದಿಯ ನುಡಿಯಲ್ಲಿ ಅಚ್ಚಾಗುವ ಪತ್ರಿಕೆಯನ್ನು ವಾರವಾರವೂ ಕಾದು ಓದುವವರಿಗೆ ಈ ಮಾತನ್ನು ಬಿಡಿಸಿ ಹೇಳಬೇಕಾಗಿಲ್ಲ.